ಕೊಲೆಗಾರನ ಹೆಸರು ಹೇಳದೆ ಹಳೇ ಪತ್ತೇದಾರಿ ಸಿನಿಮಾ ಬಗ್ಗೆ ಬರೆಯುವುದು ಹೇಗೆ?

ಹಳೇ ಪತ್ತೇದಾರಿ ಸಿನಿಮಾ ನೋಡಿದ ಮೇಲೆ ಬೇರೆಯವರು ಅದರ ಬಗ್ಗೆ ಏನಂದರು ಅಂತ ಓದುವುದು ನನಗೆ ಸಿನಿಮಾದಷ್ಟೇ ಇಷ್ಟ. ಆದರೆ ಓದಲು ಸಿಗುವುದರಲ್ಲಿ ಎರಡು ಥರದವೇ ಜಾಸ್ತಿ. "ಇಂಥ ಸಿನಿಮಾ ಈಗ ಯಾರು ಮಾಡ್ತಾರೆ, ಸೂಪರ್" ಅನ್ನುವುದು ಒಂದು. "ತುಂಬಾ ಸ್ಲೋ, ತಲೆಬುಡ ಅರ್ಥ ಆಗಲಿಲ್ಲ" ಅನ್ನುವುದು ಇನ್ನೊಂದು. ಎರಡನ್ನೂ ಓದಿದರೂ ಇವತ್ತು ರಾತ್ರಿ ಆ ಸಿನಿಮಾ ಹಾಕಿಕೊಂಡು ಕೂರಬೇಕೋ ಬೇಡವೋ ಗೊತ್ತಾಗುವುದಿಲ್ಲ. ಇನ್ನು ಮೊದಲ ಸಾಲಿನಲ್ಲೇ ಕೊಲೆಗಾರ ಯಾರು ಅಂತ ಹೇಳಿಬಿಡುವವರೂ ಇದ್ದಾರೆ. ಅವರಿಂದ ಆಗುವ ನಷ್ಟವಂತೂ ತುಂಬಿಕೊಡಲು ಆಗುವುದಿಲ್ಲ.

ಓದುವವರಿಗೆ ಉಪಯೋಗ ಆಗುವ ಹಾಗೆ ಬರೆಯಲು ಸಿನಿಮಾ ಪಂಡಿತರೇ ಆಗಬೇಕಿಲ್ಲ. 1946ರ 'ದಿ ಬಿಗ್ ಸ್ಲೀಪ್' ಉದಾಹರಣೆ ಇಟ್ಟುಕೊಂಡು ಹೇಳುತ್ತೇನೆ. ರೇಮಂಡ್ ಚಾಂಡ್ಲರ್ ಅವರ 1939ರ ಕಾದಂಬರಿ, ಹೋವರ್ಡ್ ಹಾಕ್ಸ್ ನಿರ್ದೇಶನ, ಪತ್ತೇದಾರ ಫಿಲಿಪ್ ಮಾರ್ಲೋ ಆಗಿ ಹಂಫ್ರಿ ಬೋಗಾರ್ಟ್. ನೋಡಿದವರು ಇದರ ಬಗ್ಗೆ ಇವತ್ತಿಗೂ ವಾದ ಮಾಡುತ್ತಲೇ ಇದ್ದಾರೆ. ಅದಕ್ಕೇ ಇದನ್ನು ಆರಿಸಿದೆ.

ಸಿನಿಮಾ ಮುಗಿದ ತಕ್ಷಣ, ಬೇರೆ ಯಾರ ಮಾತನ್ನೂ ಓದುವ ಮೊದಲು, ನಿಮ್ಮದನ್ನು ಒಂದು ಕಡೆ ಗೀಚಿಡಿ. ಯಾವ ಸೀನ್ ಕಣ್ಣಿಗೆ ಕಟ್ಟಿತು? ಎಲ್ಲಿ ಕಥೆಯ ಎಳೆ ತಪ್ಪಿಹೋಯಿತು? ಯಾರ ಮೇಲೆ ಅನುಮಾನ ಬಂತು, ಯಾವಾಗ ಬಂತು? ಇಷ್ಟು ಸಾಕು. ಬೆಳಗಾದರೆ ಅನುಮಾನ ಮರೆತುಹೋಗಿ ಉತ್ತರ ಮಾತ್ರ ನೆನಪಿನಲ್ಲಿ ಉಳಿಯುತ್ತದೆ. ಆಮೇಲೆ "ನನಗೆ ಮೊದಲೇ ಗೊತ್ತಿತ್ತು" ಅಂತ ಎಲ್ಲರಿಗೂ ಅನ್ನಿಸುತ್ತದೆ.

ಬರೆಯಲು ಕೂತಾಗ ಮೆಚ್ಚುಗೆಯಿಂದ ಶುರು ಮಾಡಬೇಡಿ, ಒಂದು ಸೀನ್‌ನಿಂದ ಶುರು ಮಾಡಿ. ನಾನಾದರೆ ಪುಸ್ತಕದಂಗಡಿಯ ಸೀನ್ ಹಿಡಿದುಕೊಳ್ಳುತ್ತೇನೆ. ಗೈಗರ್ ಎಂಬಾತನ ಅಂಗಡಿ, ಅಪರೂಪದ ಹಳೇ ಪುಸ್ತಕ ಮಾರುತ್ತಾರೆ ಅಂತ ಹೆಸರು. ಮಾರ್ಲೋ ಹ್ಯಾಟಿನ ಅಂಚು ಮೇಲಕ್ಕೆ ಮಡಚಿ, ಕಪ್ಪು ಕನ್ನಡಕ ಹಾಕಿಕೊಂಡು, ದನಿಯನ್ನೇ ಬದಲಾಯಿಸಿ ಒಳಗೆ ಹೋಗುತ್ತಾನೆ. 'ಬೆನ್-ಹರ್' 1860ರ ಮುದ್ರಣ ಇದೆಯಾ ಅಂತ ಕೇಳುತ್ತಾನೆ. ಅಂಗಡಿಯ ಹೆಂಗಸು ಈಗ ಇಲ್ಲ ಅನ್ನುತ್ತಾಳೆ. ಮಾರ್ಲೋ ರಸ್ತೆ ದಾಟಿ ಎದುರಿನ ಅಂಗಡಿಗೆ ಹೋಗಿ ಅದೇ ಪ್ರಶ್ನೆ ಕೇಳುತ್ತಾನೆ. ಅಲ್ಲಿ ಡೊರೊಥಿ ಮಲೋನ್ ಮಾಡಿದ ಹುಡುಗಿ ಅಂಥ ಪುಸ್ತಕ ಯಾರ ಹತ್ತಿರವೂ ಇರಲು ಸಾಧ್ಯವಿಲ್ಲ ಅನ್ನುತ್ತಾಳೆ. ನಿಜ, ಆ ಕಾದಂಬರಿ ಅಚ್ಚಾದದ್ದೇ 1880ರಲ್ಲಿ. ಮೊದಲನೆಯದು ಪುಸ್ತಕದಂಗಡಿಯೇ ಅಲ್ಲ ಅಂತ ಯಾರೂ ಬಾಯಿಬಿಟ್ಟು ಹೇಳದೆ ನಮಗೆ ಗೊತ್ತಾಗಿಬಿಡುತ್ತದೆ. ಇದನ್ನು ಹೀಗೆ ನಾಲ್ಕು ಸಾಲಿನಲ್ಲಿ ಬರೆದರೆ "ಚಿತ್ರಕಥೆ ಚುರುಕಾಗಿದೆ" ಅಂತ ಬೇರೆ ಹೇಳಬೇಕಾಗಿಲ್ಲ, ಅಲ್ವಾ?

ಈಗ ಮುಖ್ಯ ವಿಷಯ: "ಅರ್ಥ ಆಗಲಿಲ್ಲ" ಅನ್ನುವುದು. ಇದನ್ನು ಬರೆಯಲು ಹಿಂಜರಿಯಬೇಡಿ. ಆದರೆ ಏನು ಅರ್ಥ ಆಗಲಿಲ್ಲ ಅಂತ ಬಿಡಿಸಿ ಹೇಳಿ. 'ದಿ ಬಿಗ್ ಸ್ಲೀಪ್'ನಲ್ಲಿ ಒಬ್ಬ ಕಾರ್ ಡ್ರೈವರ್ ಸಾಯುತ್ತಾನೆ, ಕಾರಿನ ಸಮೇತ ನೀರಿಗೆ ಬಿದ್ದಿರುತ್ತಾನೆ. ಅವನನ್ನು ಕೊಂದವರು ಯಾರು? ಶೂಟಿಂಗ್ ಸಮಯದಲ್ಲಿ ಸಿನಿಮಾದವರೇ ಚಾಂಡ್ಲರ್ ಅವರನ್ನು ಕೇಳಿದರಂತೆ, ಅವರಿಗೂ ಗೊತ್ತಿರಲಿಲ್ಲವಂತೆ. ಬಹಳ ಪ್ರಸಿದ್ಧವಾದ ಕಥೆ ಇದು. ಹಾಗಾಗಿ ಅಲ್ಲಿ ಗೊಂದಲ ಆದರೆ ನಿಮ್ಮ ತಲೆಯ ದೋಷ ಅಲ್ಲ.

ಇನ್ನೂ ಒಂದು ಕಾರಣ ಇದೆ. ಈ ಸಿನಿಮಾಕ್ಕೆ ಎರಡು ರೂಪಗಳಿವೆ. 1945ರಲ್ಲಿ ಸಿದ್ಧವಾದ ಮೊದಲ ರೂಪವನ್ನು ವಿದೇಶದಲ್ಲಿದ್ದ ಅಮೆರಿಕದ ಸೈನಿಕರಿಗೆ ತೋರಿಸಿದ್ದರು. ಅದರಲ್ಲಿ ಮಾರ್ಲೋ ಸರ್ಕಾರಿ ವಕೀಲರ ಕಚೇರಿಯಲ್ಲಿ ಕೂತು, ಅಲ್ಲಿವರೆಗೆ ನಡೆದದ್ದನ್ನೆಲ್ಲ ವಿವರಿಸುವ ಸೀನ್ ಇತ್ತು. 1946ರ ಬಿಡುಗಡೆಗೆ ಮುಂಚೆ ಅದನ್ನು ತೆಗೆದರು. ಬೋಗಾರ್ಟ್ ಮತ್ತು ನಾಯಕಿ ಲಾರೆನ್ ಬಕಾಲ್ ಕುದುರೆ ರೇಸಿನ ನೆಪದಲ್ಲಿ ಒಬ್ಬರನ್ನೊಬ್ಬರು ಕೆಣಕುವ ಸೀನ್‌ನಂಥವನ್ನು ಹೊಸದಾಗಿ ಚಿತ್ರಿಸಿ ಸೇರಿಸಿದರು. ಅಂದರೆ ವಿವರಣೆ ಕಡಿಮೆಯಾಗಿ ಜೋಡಿಯ ಬಿಸಿ ಜಾಸ್ತಿಯಾಯಿತು. ಹಳೆಯ ರೂಪ 1997ರಲ್ಲಿ ಜನರಿಗೆ ನೋಡಲು ಸಿಕ್ಕಿತು. ನನಗೆ 1946ರದ್ದೇ ಇಷ್ಟ, ಆ ಇಬ್ಬರು ಎದುರುಬದುರು ಕೂತಾಗ ಕೊಲೆ ಯಾರು ಮಾಡಿದರೆ ನನಗೇನು ಅನ್ನಿಸಿಬಿಡುತ್ತದೆ. ನಿಮಗೆ ಲೆಕ್ಕ ಸರಿಹೋಗುವುದೇ ಮುಖ್ಯ ಆಗಿದ್ದರೆ 1945ರದ್ದು ಹಿಡಿಸಬಹುದು. ಹಾಗಾಗಿ ಯಾವ ರೂಪ ನೋಡಿದಿರಿ ಅಂತ ಒಂದು ಮಾತು ಬರೆದುಬಿಡಿ. ಇಬ್ಬರು ಬೇರೆ ಬೇರೆ ರೂಪ ನೋಡಿ ಸುಮ್ನೆ ವಾದ ಮಾಡುವುದು ತಪ್ಪುತ್ತದೆ.

ಯಾವ ಜಾತಿಯ ಪತ್ತೇದಾರಿ ಕಥೆ ಅಂತಲೂ ನೋಡಿಕೊಳ್ಳಿ. 1974ರ 'ಮರ್ಡರ್ ಆನ್ ದಿ ಓರಿಯಂಟ್ ಎಕ್ಸ್‌ಪ್ರೆಸ್' ಥರದ್ದರಲ್ಲಿ ಸುಳಿವುಗಳನ್ನು ನಮ್ಮ ಮುಂದೆ ಹರಡಿ, ಕೊನೆಗೆ ಎಲ್ಲರನ್ನೂ ಒಂದೆಡೆ ಕೂರಿಸಿ ಗಂಟು ಬಿಚ್ಚುತ್ತಾರೆ. ಅಲ್ಲಿ ಸುಳಿವು ಬಚ್ಚಿಟ್ಟರೆ ಅದು ಮೋಸ, ಬೈಯಿರಿ. ಮಾರ್ಲೋ ಕಥೆಯಲ್ಲಿ ಒಗಟಿಗಿಂತ ಊರು, ರಾತ್ರಿ, ಮಳೆ, ಸುಳ್ಳು ಹೇಳುವ ಜನ ಮುಖ್ಯ. ಮೊದಲನೆಯದರ ಅಳತೆಗೋಲಿನಿಂದ ಎರಡನೆಯದನ್ನು ಅಳೆದರೆ ಅನ್ಯಾಯ ಆಗುತ್ತದೆ.

ಕಾಲದ ಕಟ್ಟುಪಾಡುಗಳನ್ನೂ ಸ್ವಲ್ಪ ತಿಳಿದಿರಬೇಕು. ಹಾಲಿವುಡ್‌ನಲ್ಲಿ 1934ರಿಂದ ಪ್ರೊಡಕ್ಷನ್ ಕೋಡ್ ಎಂಬ ನಿಯಮಾವಳಿ ಬಿಗಿಯಾಗಿ ಜಾರಿಯಲ್ಲಿತ್ತು, 1968ರಲ್ಲಿ ಹೋಯಿತು. ಅಪರಾಧ ಮಾಡಿದವರು ತಪ್ಪಿಸಿಕೊಂಡು ಸುಖವಾಗಿರುವ ಹಾಗೆ ತೋರಿಸುವಂತಿರಲಿಲ್ಲ. ಗೈಗರ್ ಅಂಗಡಿಯಲ್ಲಿ ನಿಜಕ್ಕೂ ನಡೆಯುವುದು ಅಶ್ಲೀಲ ಪುಸ್ತಕದ ದಂಧೆ. ಕಾದಂಬರಿ ಅದನ್ನು ನೇರವಾಗಿ ಹೇಳುತ್ತದೆ, ಸಿನಿಮಾ ಬಾಯಿ ಬಿಡುವಂತಿಲ್ಲ. "ಅಂಗಡಿಯಲ್ಲಿ ಏನು ನಡೀತಿದೆ ಅಂತ ಹೇಳಲೇ ಇಲ್ಲ" ಅಂತ ದೂರುವ ಮೊದಲು ಇದು ಗೊತ್ತಿರಲಿ. ಹಾಗಂತ ಎಲ್ಲವನ್ನೂ ಕಾಲದ ಮೇಲೆ ಹಾಕಿ ಮಾಫಿ ಮಾಡಬೇಕಾಗಿಲ್ಲ. ಟ್ಯಾಕ್ಸಿ ಓಡಿಸುವ ಹುಡುಗಿಯೂ ಸೇರಿ ದಾರಿಯಲ್ಲಿ ಸಿಕ್ಕ ಹೆಂಗಸರೆಲ್ಲ ಮಾರ್ಲೋಗೆ ಮನಸೋಲುವುದು ನನಗೆ ಅತಿ ಅನ್ನಿಸುತ್ತದೆ. ಸಿನಿಮಾ ನನಗೆ ಪ್ರಾಣ, ಆದರೂ ಇದನ್ನು ಬರೆಯುತ್ತೇನೆ.

ಗುಟ್ಟು ಕಾಪಾಡುವ ವಿಚಾರದಲ್ಲಿ ನಾನು ಬಹಳ ಕಟ್ಟುನಿಟ್ಟು. ಸಿನಿಮಾದ ಮೊದಲ ಮೂರನೇ ಒಂದು ಭಾಗದಲ್ಲಿ ಬರುವುದನ್ನು ಮಾತ್ರ ಬಿಚ್ಚಿ ಹೇಳಿ. ಹೆಸರು ಹೇಳದಿದ್ದರೂ ಗುಟ್ಟು ಸೋರುವ ದಾರಿಗಳಿವೆ. "ಕೊನೇ ಟ್ವಿಸ್ಟ್ ನೋಡಿ ಬೆಚ್ಚಿಬಿದ್ದೆ" ಅಂದರೆ ಓದಿದವರು ಶುರುವಿನಿಂದಲೇ ಟ್ವಿಸ್ಟ್ ಹುಡುಕುತ್ತಾ ಕೂರುತ್ತಾರೆ. ಎರಡೇ ಸೀನಿನಲ್ಲಿ ಬರುವ ನಟನನ್ನು ವಿಪರೀತ ಹೊಗಳಿದರೂ ಅಷ್ಟೇ, ಎಲ್ಲರ ಕಣ್ಣು ಅವನ ಮೇಲೆ. "ಎಷ್ಟೋ ವರ್ಷ ಹಳೇ ಸಿನಿಮಾ, ಇನ್ನೇನು ಗುಟ್ಟು" ಅನ್ನುವ ವಾದ ನಾನು ಒಪ್ಪುವುದಿಲ್ಲ. 1957ರ 'ವಿಟ್ನೆಸ್ ಫಾರ್ ದಿ ಪ್ರಾಸಿಕ್ಯೂಷನ್' ಮುಗಿಯುವಾಗ, ಅಂತ್ಯವನ್ನು ಯಾರಿಗೂ ಹೇಳಬೇಡಿ ಅಂತ ಒಂದು ದನಿ ಪ್ರೇಕ್ಷಕರನ್ನು ಕೇಳಿಕೊಳ್ಳುತ್ತದೆ. ಮೊದಲ ಸಲ ನೋಡುವವರು ಇರುವವರೆಗೂ ಆ ಮಾತು ನಡೆಯಬೇಕು. ಹೇಳಲೇಬೇಕು ಅನ್ನಿಸಿದರೆ ಅಂತ್ಯದ ಚರ್ಚೆಯನ್ನು ಬೇರೆಯಾಗಿ, ಮೊದಲೇ ಎಚ್ಚರಿಕೆ ಕೊಟ್ಟು ಬರೆಯಿರಿ.

"ನಾನು ಮುಂಚೆಯೇ ಕಂಡುಹಿಡಿದೆ" ಅನ್ನುವುದಾದರೆ ಸುಳಿವಿನಿಂದ ಕಂಡುಹಿಡಿದಿರೋ, ಅಥವಾ ದೊಡ್ಡ ನಟನಿಗೆ ಚಿಕ್ಕ ಪಾತ್ರ ಇರಲಾರದು ಅನ್ನುವ ಲೆಕ್ಕಾಚಾರದಿಂದಲೋ ಅಂತ ಹೇಳಿ. ಎರಡೂ ಬೇರೆ ಬೇರೆ.

ಇಷ್ಟು ಸೇರಿಸಿ 'ದಿ ಬಿಗ್ ಸ್ಲೀಪ್' ಬಗ್ಗೆ ನಾನು ಚಿಕ್ಕದಾಗಿ ಬರೆದರೆ ಹೀಗಿರುತ್ತದೆ:

"1946ರ ರೂಪ ನೋಡಿದೆ. ಗಾಜಿನ ಮನೆಯಲ್ಲಿ ಆರ್ಕಿಡ್ ಗಿಡಗಳ ನಡುವೆ ಗಾಲಿಕುರ್ಚಿಯಲ್ಲಿ ಕೂತ ಮುದುಕ ಜನರಲ್, ತಾನು ಕುಡಿಯುವ ಹಾಗಿಲ್ಲದ ಬ್ರಾಂದಿಯನ್ನು ಮಾರ್ಲೋಗೆ ಕುಡಿಸಿ ನೋಡುತ್ತಾ ಖುಷಿಪಡುತ್ತಾನೆ. ಆ ಸೀನ್‌ಗೇ ನಾನು ಸೋತೆ. ಅರ್ಧದಿಂದಾಚೆ ಯಾರು ಯಾರನ್ನು ಯಾಕೆ ಕೊಂದರು ಅನ್ನುವ ಲೆಕ್ಕ ತಪ್ಪಿತು, ಮತ್ತೆ ನೋಡಿದರೂ ಪೂರ್ತಿ ಹೊಂದಲಿಲ್ಲ. ಮಾತಿನ ಚಕಮಕಿ ಇಷ್ಟಪಡುವವರು ನೋಡಿ. ಕೊನೆಗೆ ಎಲ್ಲ ಎಳೆಗಳೂ ಕೂಡಿಬರಲೇಬೇಕು ಅನ್ನುವವರು 1945ರ ರೂಪ ಹುಡುಕಿ."