ಎರಡು ಪಾರಿವಾಳದ ಮರಿ ಮತ್ತು ನಮ್ಮ ಮಗನ ದೀಕ್ಷಾಸ್ನಾನ

ಬೈಬಲಿನ ಲೂಕನ ಸುವಾರ್ತೆಯ ಎರಡನೇ ಅಧ್ಯಾಯದಲ್ಲಿ, ಹುಟ್ಟಿದ ಯೇಸುವನ್ನು ನೋಡಲು ಬಂದ ಕುರುಬರು ವಾಪಸ್ ಹೋದ ಮೇಲೆ, ಒಂದು ಸಣ್ಣ ಕಥೆ ಬರುತ್ತದೆ. ಮರಿಯಳು, ಯೋಸೇಫ ಕೂಸನ್ನು ಎತ್ತಿಕೊಂಡು ಯೆರೂಸಲೇಮಿನ ದೇವಾಲಯಕ್ಕೆ ಹೋಗುತ್ತಾರೆ. ಅಲ್ಲಿ ಸಿಮೆಯೋನ ಎಂಬ ದೇವಭಕ್ತ ಕೂಸನ್ನು ಕೈಯಲ್ಲಿ ತಗೊಂಡು ದೇವರನ್ನು ಕೊಂಡಾಡುತ್ತಾನೆ. 84 ವರ್ಷದ ವಿಧವೆ ಅನ್ನಳು ಅದೇ ಹೊತ್ತಿಗೆ ಬರುತ್ತಾಳೆ. ಚರ್ಚಿನ ಪ್ರಸಂಗದಲ್ಲಿ ಜಾಸ್ತಿ ಇವರಿಬ್ಬರ ಮಾತೇ ಇರುತ್ತದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಅವರಿಗಿಂತ ಮೊದಲು ಬರುವ 24ನೇ ವಚನ. ಅಪ್ಪ ಅಮ್ಮ ತಂದ ಬಲಿ ಏನು ಅಂತ ಅಲ್ಲಿದೆ: ಒಂದು ಜೋಡಿ ಬೆಳವಕ್ಕಿ ಅಥವಾ ಎರಡು ಪಾರಿವಾಳದ ಮರಿ.

ಇದು ಬಡವರು ತರುವ ಬಲಿ. ಹಳೆಯ ಒಡಂಬಡಿಕೆಯ ಯಾಜಕಕಾಂಡದ 12ನೇ ಅಧ್ಯಾಯ ತೆಗೆದು ನೋಡಿ. ಗಂಡು ಕೂಸು ಹುಟ್ಟಿದ ಮೇಲೆ ತಾಯಿ ಶುದ್ಧಿಗಾಗಿ ಮೊದಲು ಏಳು ದಿನ, ಆಮೇಲೆ ಮೂವತ್ತಮೂರು ದಿನ ಕಳೆಯಬೇಕು. ನಲವತ್ತು ದಿನ ತುಂಬಿದ ಮೇಲೆ ಒಂದು ವರ್ಷದ ಕುರಿಮರಿ, ಜೊತೆಗೆ ಒಂದು ಹಕ್ಕಿ ತರಬೇಕು. ಕುರಿ ತರುವಷ್ಟು ಗತಿ ಇಲ್ಲದಿದ್ದರೆ ಎರಡು ಹಕ್ಕಿ ಸಾಕು. ದೇವರ ಮಗನನ್ನು ಎತ್ತಿಕೊಂಡು ಬಂದವರು ಈ ಎರಡನೇ ಸಾಲಿನಲ್ಲಿ ನಿಂತರು. ಕುರಿ ಕೊಳ್ಳಲು ಸಾಲ ಮಾಡಲಿಲ್ಲ. ದುಡ್ಡು ಬಂದಾಗ ಹೋದರಾಯಿತು ಅಂತ ಮುಂದೂಡಲೂ ಇಲ್ಲ. ದಿನ ತುಂಬಿತು, ಹೋದರು. ಕೈಯಲ್ಲಿ ಇದ್ದದ್ದನ್ನು ಕೊಟ್ಟರು.

ನಾವಿರುವುದು ಮುಂಬಯಿ ಹತ್ತಿರದ ಕಲ್ಯಾಣ ಪೂರ್ವದಲ್ಲಿ. ಊರು ಬೀದರ್ ಜಿಲ್ಲೆ, ಭಾಲ್ಕಿ ಕಡೆ. ನಮ್ಮ ಮನೆಯವರದು ಸೆಂಟ್ರಿಂಗ್ ಕೆಲಸ, ಸ್ಲ್ಯಾಬ್ ಹಾಕಲು ಹಲಗೆ ಕಟ್ಟುವುದು. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಫಾಲ್ ಹಚ್ಚುತ್ತೇನೆ. ನಮ್ಮ ಕನ್ನಡ ಕ್ರೈಸ್ತ ಸಭೆಗೆ ಸ್ವಂತ ಜಾಗ ಇಲ್ಲ. ಭಾನುವಾರ ಮರಾಠಿ ಆರಾಧನೆ ಮುಗಿದ ಮೇಲೆ ಅದೇ ಹಾಲ್‌ನಲ್ಲಿ ನಮ್ಮದು. ಬಂದವರಲ್ಲಿ ಮುಕ್ಕಾಲು ಜನ ಗುತ್ತೇದಾರರ ಕೈಕೆಳಗೆ ದುಡಿಯುವವರು, ಇಲ್ಲವೇ ಮನೆಗೆಲಸದವರು.

ಇಂಥ ಜನರ ಮಧ್ಯೆ ಒಂದು ಕೂಸಿನ ದೀಕ್ಷಾಸ್ನಾನಕ್ಕೆ, ಅಂದರೆ ನೀರು ಹಾಕಿ ಕೂಸನ್ನು ಸಭೆಗೆ ಸೇರಿಸುವ ವಿಧಿಗೆ, ಎಷ್ಟು ಖರ್ಚಾಗುತ್ತದೆ ಗೊತ್ತಾ? ಹಾಲ್ ಬಾಡಿಗೆ, ಕೂಸಿನ ಫೋಟೋ ಹಾಕಿದ ಬ್ಯಾನರ್, ಕೇಟರಿಂಗ್‌ನವರ ಮಟನ್ ಬಿರಿಯಾನಿ, ಕೂಸಿಗೆ ಚೈನು, ಅತ್ತಿಗೆ ನಾದಿನಿಯರಿಗೆ ಉಡುಗೊರೆಯಾಗಿ ಆಯೇರಿ ಸೀರೆ. ಊರಿಂದ ಬೀದರ್ ಗಾಡಿ ಹತ್ತಿ ಬಂದವರನ್ನು ಬರಿಗೈಲಿ ಕಳಿಸೋಕೆ ಆಗಲ್ಲ. ಭಿಶಿ (ಚೀಟಿ ಹಣ) ಎತ್ತುತ್ತಾರೆ. ಅದೂ ಸಾಲದಿದ್ದರೆ ಬಡ್ಡಿಗೆ ತರುತ್ತಾರೆ. ಕೂಸು ನಡೆಯೋಕೆ ಕಲಿತರೂ ಆ ಬಡ್ಡಿ ತೀರುವುದಿಲ್ಲ.

ನಮ್ಮ ಮಗ ಹುಟ್ಟಿದಾಗ ಮಳೆಗಾಲ. ಮಳೆಗಾಲದಲ್ಲಿ ಸ್ಲ್ಯಾಬ್ ಕೆಲಸ ನಿಧಾನ. ವಾರದಲ್ಲಿ ಅರ್ಧದಷ್ಟು ದಿನ ಮನೆಯವರು ಮನೆಯಲ್ಲೇ. ಬಾಣಂತನಕ್ಕೆ ಊರಿಂದ ಅತ್ತೆ ಬಂದಿದ್ದರು. ರಾತ್ರಿ ಕುಟುಂಬ ಪ್ರಾರ್ಥನೆಗೆ ನಾನು ಲೂಕನ ಆ ಭಾಗವನ್ನೇ ಓದಿದೆ. ಅತ್ತೆಗೆ ಓದು ಬರಲ್ಲ, ಆದರೆ ಕೇಳಿದ್ದು ಮರೆಯುವವರಲ್ಲ. ಹಕ್ಕಿಯ ಮಾತು ಬಂದಾಗ ತಡೆದರು. "ಮರಿಯವ್ವನ ಕಡೆ ಕುರಿ ಇರಲಿಲ್ಲೇನು?" ಅಂದರು. ನಾನು ಯಾಜಕಕಾಂಡ ತೆಗೆದು ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ ಮಗನ ಕಡೆ ತಿರುಗಿ, "ಹಂಗಾದ್ರ ನಾವೂ ಹಕ್ಕಿನೇ ಒಯ್ಯೋಣಪ್ಪ. ದೇವರು ಆವತ್ತು ಬ್ಯಾಡ ಅಂದಿಲ್ಲ, ಇವತ್ತ್ಯಾಕ ಅಂತಾನ?" ಅಂದರು.

ಭಾವನಿಗೆ ಮಾತ್ರ ಇದು ಹಿಡಿಸಲಿಲ್ಲ. ಫೋನಿನಲ್ಲಿ, "ಮೊದಲ ಗಂಡು ಮೊಮ್ಮಗ, ಜನ ಏನಂತಾರ?" ಅಂತ ಕೇಳಿದರು. ಅವರ ಮಾತಲ್ಲೂ ಪ್ರೀತಿಯೇ ಇತ್ತು. ದುಡ್ಡು ನಾನೇ ಹಾಕುತ್ತೇನೆ ಅಂತಲೂ ಅಂದರು. ಅವರೂ ಅದನ್ನು ಎಲ್ಲಿಂದಲೋ ತರಬೇಕಿತ್ತು, ಅದು ನಮಗೆ ಗೊತ್ತಿತ್ತು. ಅತ್ತೆ ಫೋನ್ ತಗೊಂಡು, "ನೀ ಬಾ, ಹೆಂಡರು ಮಕ್ಕಳನ್ನ ಕರಕೊಂಡು ಬಾ. ಅಷ್ಟ ಸಾಕು" ಅಂದರು. ಬಂದರು.

ಮಾಡಿದ್ದು ಇಷ್ಟು. ಪಾಸ್ಟರ್ ಹತ್ತಿರ ಹೋಗಿ, ದೀಕ್ಷಾಸ್ನಾನ ಭಾನುವಾರದ ಆರಾಧನೆಯಲ್ಲೇ ಆಗಲಿ, ಬೇರೆ ಹಾಲ್ ಬೇಡ ಅಂದೆವು. ಅದು ನಡೆಯಬೇಕಾದ ಜಾಗವೇ ಅದು ಅಲ್ವಾ, ಇಡೀ ಸಭೆಯ ಮುಂದೆ. ಕೂಸಿನ ಅಂಗಿ ನಾನೇ ಹೊಲಿದೆ. ಗಿರಾಕಿಯೊಬ್ಬರ ಅಸ್ತರಿನಲ್ಲಿ ಉಳಿದ ಬಿಳಿ ಕಾಟನ್ ಇತ್ತು, ಕೇಳಿದ್ದಕ್ಕೆ ಇಟ್ಟುಕೋ ಅಂದಿದ್ದರು. ಅಸ್ತರ್ ಬಟ್ಟೆ ನೀರಿಗೆ ಬಿದ್ದರೆ ಕುಗ್ಗುತ್ತದೆ. ಅದಕ್ಕೆ ರಾತ್ರಿಯಿಡೀ ನೆನೆಸಿ, ಒಣಗಿಸಿ, ಆಮೇಲೆ ಕತ್ತರಿ ಹಾಕಿದೆ. ಕೂಸಿನ ಮೈಗೆ ಹೊಲಿಗೆ ಚುಚ್ಚಬಾರದು ಅಂತ ಒಳಗಿನ ಅಂಚುಗಳನ್ನೆಲ್ಲ ಮಡಚಿ ಕೈಯಲ್ಲೇ ಹೊಲಿದೆ. ಗುಂಡಿ ಬದಲು ದಾರದ ಕಟ್ಟು ಇಟ್ಟೆ. ಕತ್ತಿನ ಸುತ್ತ ಒಂದು ಸಣ್ಣ ಗೆರೆ ಕಸೂತಿ, ಬಿಳಿ ಮೇಲೆ ಬಿಳಿ ದಾರ. ಹತ್ತಿರ ಬಂದು ನೋಡಿದವರಿಗೆ ಮಾತ್ರ ಕಾಣುತ್ತಿತ್ತು. ಆ ಅಂಗಿಯಷ್ಟು ಮನಸ್ಸಿಟ್ಟು ನಾನು ಬೇರೆ ಯಾವುದನ್ನೂ ಹೊಲಿದಿಲ್ಲ.

ಆರಾಧನೆ ಮುಗಿದ ಮೇಲೆ ಎಲ್ಲರಿಗೂ ಚಹಾ, ಶಿರಾ. ಮನೆಯಲ್ಲಿ ಊರವರಿಗೆ ಜೋಳದ ರೊಟ್ಟಿ, ಕೋಳಿ ಸಾರು. ಆಯೇರಿ ಇಲ್ಲ. ಯಾರೂ ಮುಖ ಗಂಟು ಹಾಕಲಿಲ್ಲ. ಹಾಕಿದ್ದರೂ ನಮಗೆ ತಿಳಿಯಲಿಲ್ಲ.

ಇದಾಗಿ ಕೆಲವು ವಾರದ ಮೇಲೆ ನಮ್ಮ ಸಭೆಯ ಅಕ್ಕ ಒಬ್ಬರು ಬ್ಲೌಸ್ ನೆಪದಲ್ಲಿ ಮನೆಗೆ ಬಂದರು. ಅವರ ಹುಡುಗ ಆಗಲೇ ಓಡಾಡುತ್ತಿದ್ದ, ಮಾತು ಕಲಿತಿದ್ದ. ಇನ್ನೂ ದೀಕ್ಷಾಸ್ನಾನ ಆಗಿರಲಿಲ್ಲ. ದುಡ್ಡು ಕೂಡಿದ ಮೇಲೆ ಮಾಡೋಣ ಅಂತ ಗಂಡ ಹೆಂಡತಿ ಮುಂದೂಡುತ್ತಾ ಬಂದಿದ್ದರು. ಯಾರಾದರೂ ಕೇಳುತ್ತಾರೆ ಅನ್ನುವ ನಾಚಿಕೆಗೆ ಆರಾಧನೆಗೆ ಬರುವುದನ್ನೂ ಕಡಿಮೆ ಮಾಡಿದ್ದರು. "ನೀವು ಮಾಡಿದಂಗ ಮಾಡಿದ್ರ ನಡೀತದೇನ್ರಿ?" ಅಂತ ಕೇಳಿದರು. ನನಗೆ ಅಳು ಬಂತು. ಅವತ್ತೇ ಆ ಹುಡುಗನ ಅಳತೆ ತಗೊಂಡೆ.

ಪಾರಿವಾಳದ ವಚನ ನನಗೆ ಪೂರ್ತಿ ಅರ್ಥವಾಗಿದ್ದು ಆ ದಿನ. ಎಲ್ಲರೂ ಸಾಲ ಮಾಡಿಯಾದರೂ ಕುರಿ ತರುತ್ತಿದ್ದರೆ, ಹಕ್ಕಿ ತರಬೇಕಾದವರು ಬಾಗಿಲಿಗೇ ಬರುವುದಿಲ್ಲ. ಮರಿಯಳೂ ಯೋಸೇಫನೂ ನಾಲ್ಕು ಜನರ ಮುಂದೆ ಹಕ್ಕಿ ಹಿಡಿದು ನಿಂತರು. ದೇವರೇ ಇಟ್ಟ ಆ ದಾರಿ ಖಾಲಿ ಬೀಳಲಿಲ್ಲ. ಯೇಸು ದೊಡ್ಡವನಾದ ಮೇಲೆ ಅದೇ ದೇವಾಲಯಕ್ಕೆ ಬಂದು ನಾಣ್ಯ ಬದಲಾಯಿಸುವವರ ಮೇಜುಗಳನ್ನು ಕೆಡವಿದ ಕಥೆ ನಮಗೆಲ್ಲ ಗೊತ್ತು. ಪಾರಿವಾಳ ಮಾರುವವರ ಆಸನಗಳನ್ನೂ ಕೆಡವಿದ ಅಂತ ಮತ್ತಾಯ, ಮಾರ್ಕ ಇಬ್ಬರೂ ಬರೆಯುತ್ತಾರೆ. ಬಡ ತಾಯಂದಿರು ಕೊಳ್ಳುತ್ತಿದ್ದದ್ದು ಅಲ್ಲೇ. ತನ್ನ ತಾಯಿ ತಂದದ್ದೂ ಅದೇ ಅಂತ ಅವನಿಗೆ ಗೊತ್ತಿರಲಿಲ್ಲವೇ? ಮುಂಬಯಿಯಲ್ಲಿ ಪಾರಿವಾಳ ಅಂದರೆ ಕಿಟಕಿಯ ಗ್ರಿಲ್‌ನಲ್ಲಿ ಗೂಡು ಕಟ್ಟಿ ಗಲೀಜು ಮಾಡುವ ಹಕ್ಕಿ, ನಾವು ಓಡಿಸುತ್ತಲೇ ಇರುತ್ತೇವೆ. ಈ ವಚನ ಓದಿದ ಮೇಲೆ ನನಗೆ ಅವುಗಳ ಮೇಲೆ ಸಿಟ್ಟು ಬರುವುದಿಲ್ಲ.

ಸಿಮೆಯೋನನ ಬಗ್ಗೆಯೂ ಒಂದು ಮಾತು. ಆ ದೊಡ್ಡ ದೇವಾಲಯದಲ್ಲಿ ಅವತ್ತು ಕುರಿಮರಿ ತಂದವರೂ ಇದ್ದಿರಬೇಕು. ಅವನು ಬಂದದ್ದು ಮಾತ್ರ ಹಕ್ಕಿ ತಂದವರ ಹತ್ತಿರ. ಪವಿತ್ರಾತ್ಮನು ನಡೆಸಿದ ಕಣ್ಣಿಗೆ ಬಡತನ ಅಡ್ಡ ಬರಲಿಲ್ಲ. ನಮ್ಮ ಸಭೆಯಲ್ಲಿ ಹೊಸಬರು ಹಿಂದಿನ ಸಾಲಿನಲ್ಲಿ ಕೂತರೆ ಹೋಗಿ ಮಾತಾಡಿಸುವ ರೂಢಿ ನನಗೆ ಬಂದದ್ದು ಇಲ್ಲಿಂದ.

ಇನ್ನು ವಾರದ ಕಾಣಿಕೆ. ಊರಲ್ಲಿ ನಮ್ಮ ಅವ್ವ ರೊಟ್ಟಿಗೆ ಹಿಟ್ಟು ತೆಗೆಯುವಾಗ ಒಂದು ಹಿಡಿ ಬೇರೆ ಡಬ್ಬಿಗೆ ಹಾಕುತ್ತಿದ್ದಳು, ಅದು ಸಭೆಗೆ. ಮಿಜೋರಾಂನ ಹೆಂಗಸರು ಹೀಗೇ ಪ್ರತಿ ಅಡುಗೆಯಲ್ಲೂ ಒಂದು ಹಿಡಿ ಅಕ್ಕಿ ತೆಗೆದಿಟ್ಟು ಸಭೆಯ ಎಷ್ಟೋ ಕೆಲಸ ನಡೆಸುತ್ತಾರೆ ಅಂತ ತಿಳಿದು ಬಹಳ ಖುಷಿಯಾಯಿತು. ನಾನು ಫಾಲ್ ಹಚ್ಚಿದ ದುಡ್ಡಿನಲ್ಲಿ ಮಾಡುತ್ತೇನೆ. ಸೀರೆ ಕೊಟ್ಟು ಹಣ ಕೈಗೆ ಬಂದ ಕೂಡಲೇ ಹತ್ತರಲ್ಲಿ ಒಂದು ಪಾಲು ಮಷೀನಿನ ಡ್ರಾಯರ್‌ನಲ್ಲಿರುವ ಬಾಬಿನ್ ಡಬ್ಬಿಗೆ ಹೋಗುತ್ತದೆ. ಮೊದಲು ಅದು, ಆಮೇಲೆ ಕಿರಾಣಿ. ತಿಂಗಳ ಕೊನೆಗೆ ಉಳಿದದ್ದು ಕೊಡೋಣ ಅಂದರೆ ಏನೂ ಉಳಿಯುವುದಿಲ್ಲ. ಮಳೆಗಾಲದಲ್ಲಿ ಡಬ್ಬಿಯಲ್ಲಿ ಬರೀ ಚಿಲ್ಲರೆ ಇರುತ್ತದೆ. ಆದರೂ ಕಾಣಿಕೆ ಚೀಲ ಬಂದಾಗ ಕೈ ಹಿಂದೆ ಸರಿಯಲ್ಲ. ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಎರಡು ಕಾಸು ಹಾಕಿದ ಬಡ ವಿಧವೆಯ ಕಥೆಯನ್ನು ಬರೆದವನೂ ಇದೇ ಲೂಕನೇ, ಎರಡು ಹಕ್ಕಿಯನ್ನು ಬರೆದಿಟ್ಟವನು.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಹಕ್ಕಿ ಇರುವುದು ಗತಿ ಇಲ್ಲದವರಿಗೆ. ಕುರಿ ತರುವ ಶಕ್ತಿ ಇದ್ದವರು ಹಕ್ಕಿ ಹಿಡಿದು ಬಂದರೆ ಅದು ಸರಳತೆ ಅಲ್ಲ, ಜಿಪುಣತನ. ಊಟ ಹಾಕಿಸುವುದು ತಪ್ಪು ಅಂತಲೂ ನಾನು ಹೇಳುವುದಿಲ್ಲ. ಕಾನಾ ಊರಿನ ಮದುವೆ ಮನೆಗೆ ಯೇಸು ಹೋಗಿದ್ದ. ನಮ್ಮ ಭಾವನಿಗೆ ಈಗ ಸ್ವಂತ ಗುತ್ತಿಗೆ ಕೆಲಸ ಇದೆ, ಕೈ ಸುಧಾರಿಸಿದೆ. ಕಳೆದ ಕ್ರಿಸ್ಮಸ್‌ಗೆ ಇಡೀ ಸಭೆಗೆ ಊಟ ಹಾಕಿಸಿದರು, ಸಾಲ ಇಲ್ಲದೆ. ಅವರ ಪಾಲಿಗೆ ಅದು ಕುರಿ. ತುಂಬು ಮನಸ್ಸಿನಿಂದ ಕೊಟ್ಟರು, ನಾವು ಹೊಟ್ಟೆ ತುಂಬ ಉಂಡೆವು. ನಮಗೂ ಒಂದು ದಿನ ಕೈ ತುಂಬಿದರೆ ಹಕ್ಕಿಯಲ್ಲೇ ನಿಲ್ಲಬಾರದು ಅಂತ ನಾನೂ ಮನೆಯವರೂ ಮಾತಾಡಿಕೊಂಡಿದ್ದೇವೆ.

ಈಗ ಸಭೆಯಲ್ಲಿ ಕೂಸು ಹುಟ್ಟಿದರೆ ಹೆಂಗಸರು ನೋಡಲು ಹೋದಾಗ ಮೊದಲೇ ಹೇಳಿಬಿಡುತ್ತೇವೆ: ದೀಕ್ಷಾಸ್ನಾನಕ್ಕೆ ನೀರು ಬೇಕು, ತಂದೆ ತಾಯಿ ಮುಂದೆ ನಿಂತು ಮಾತು ಕೊಡಬೇಕು, ಸಭೆ ಇರಬೇಕು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಅಂಗಿ ನಾನು ಹೊಲಿಯುತ್ತೇನೆ, ಬಟ್ಟೆ ತಂದರೂ ಸರಿ, ತರದಿದ್ದರೂ ಸರಿ. ಚಹಾಕ್ಕೆ ಸಕ್ಕರೆ ಒಬ್ಬರು, ಹಾಲು ಒಬ್ಬರು ತರುತ್ತಾರೆ. ಬಿರಿಯಾನಿ ಮಾಡಿಸುವವರು ಮಾಡಿಸಲಿ. ಮಾಡಿಸದವರನ್ನು ಯಾರೂ ಯಾಕೆ ಅಂತ ಕೇಳುವುದಿಲ್ಲ.

ಮದುವೆಯ ಮಾತು ಇದಕ್ಕಿಂತ ಕಷ್ಟದ್ದು. ಅಲ್ಲಿ ಇನ್ನೊಂದು ಮನೆಯವರೂ ಒಪ್ಪಬೇಕು. ಮೈದುನನಿಗೆ ಹುಮನಾಬಾದ್ ಕಡೆಯ ಹುಡುಗಿ ಗೊತ್ತಾಗಿದ್ದಾಳೆ. ಅವರ ತಂದೆಯೂ ಕೂಲಿ ಮಾಡುವವರೇ. ಈಗಲೇ ಸಾಲ ಹುಡುಕುತ್ತಿದ್ದಾರೆ ಅಂತ ಸುದ್ದಿ ಬಂದಿದೆ. ಮುಂದಿನ ತಿಂಗಳು ಅತ್ತೆಯೂ ನಾನೂ ಅಲ್ಲಿಗೆ ಹೋಗುತ್ತಿದ್ದೇವೆ. ನಮಗೆ ಏನೂ ಬೇಡ, ಚರ್ಚಿನಲ್ಲಿ ಮದುವೆ, ಎರಡೂ ಮನೆಯವರು ಕೂಡಿ ಅಡುಗೆ ಅಂತ ಹೇಳಬೇಕು. ಗಂಡಿನ ಕಡೆಯವರೇ ಮೊದಲು ಹೇಳಿದರೆ ಅವರಿಗೆ ಒಪ್ಪುವುದು ಸುಲಭವಾದೀತು ಅಂತ ಅತ್ತೆಯ ಲೆಕ್ಕ.