ಥಿಯೇಟರ್ ಟ್ರೇಯ ಉಪಕರಣ: ಬಾಯಿ ನೋಡಿ ಗುರುತು ಹಿಡಿಯುವುದು

ಸಕಲೇಶಪುರ, ಮೂಡಿಗೆರೆ ಕಡೆ ಆಸ್ಪತ್ರೆಯ ಮೈನರ್ ಥಿಯೇಟರಿಗೆ, ಅಂದರೆ ಸಣ್ಣ ಆಪರೇಷನ್ ಕೋಣೆಗೆ, ಹೆಚ್ಚಾಗಿ ಬರುವುದು ಕತ್ತಿ ತಗುಲಿದ ಕೈ, ಕಳೆ ಹೊಡೆಯುವ ಮೆಷಿನ್ ಸೀಳಿದ ಕಾಲು, ಕೀವು ತುಂಬಿದ ಕುರು. ಇವಕ್ಕೆಲ್ಲ ನಾನು ಜೋಡಿಸುವ ಟ್ರೇ ಒಂದೇ: 3ನೇ ನಂಬರಿನ ಬ್ಲೇಡ್ ಹ್ಯಾಂಡಲ್, ಹೊಲಿಗೆಯ ಸೂಜಿ ಹಿಡಿಯುವ ನೀಡಲ್ ಹೋಲ್ಡರ್, ಹಲ್ಲಿರುವ ಒಂದು ಮತ್ತು ಹಲ್ಲಿಲ್ಲದ ಒಂದು ಫೋರ್ಸೆಪ್ಸ್ (ಚಿಮಟ), ನಾಲ್ಕು ಮಸ್ಕಿಟೊ ಆರ್ಟರಿ (ರಕ್ತನಾಳ ಹಿಡಿಯುವ ಸಣ್ಣ ಇಕ್ಕಳ), ಎರಡು ಕತ್ತರಿ, ಸ್ಪಂಜ್ ಹೋಲ್ಡರ್, ನಾಲ್ಕು ಟವೆಲ್ ಕ್ಲಿಪ್.

ಹೊಸದಾಗಿ ಬಂದ ಸಿಸ್ಟರ್‌ಗಳಿಗೆ ಇವುಗಳಲ್ಲಿ ಅರ್ಧ ಒಂದೇ ಥರ ಕಾಣುತ್ತವೆ. ಬೆರಳು ತೂರಿಸುವ ಬಳೆ, ಲಾಕ್ ಆಗುವ ಹಲ್ಲು ಅವೆಲ್ಲಕ್ಕೂ ಇದೆ. ಅದಕ್ಕೇ ಬಾಯಿ, ಅಂದರೆ ಹಿಡಿಯುವ ತುದಿ, ನೋಡಬೇಕು. ನೀಡಲ್ ಹೋಲ್ಡರಿನ ಬಾಯಿ ಗಿಡ್ಡ, ದಪ್ಪ. ಒಳಗೆ ಗೆರೆಗಳು ಒಂದನ್ನೊಂದು ಹಾಯ್ದು ಚೌಕಳಿ ಬಿದ್ದಿರುತ್ತವೆ, ಸೂಜಿ ತಿರುಗದಿರಲಿ ಎಂದು. ರಕ್ತನಾಳ ಹಿಡಿಯುವ ಆರ್ಟರಿಯ ಬಾಯಿ ಉದ್ದ, ತೆಳು, ಅಡ್ಡಗೆರೆ ಮಾತ್ರ. ಆರ್ಟರಿಯಲ್ಲಿ ಸೂಜಿ ಹಿಡಿದರೆ ಸೂಜಿಯೂ ಜಾರುತ್ತದೆ, ಬಾಯಿಯೂ ಸೊಟ್ಟಗಾಗುತ್ತದೆ. ಆಮೇಲೆ ಅದು ಸಣ್ಣ ರಕ್ತನಾಳವನ್ನು ಹಿಡಿಯುವುದಿಲ್ಲ. ಸೂಜಿಯನ್ನು ಮೊನೆಯಿಂದ ಮೂರರಲ್ಲಿ ಎರಡು ಭಾಗ ಬಿಟ್ಟು ಹಿಡಿದು ಕೊಡುತ್ತೇನೆ. ದಾರ ಸೇರುವ ತುದಿಯಲ್ಲೇ ಹಿಡಿದರೆ ಸೂಜಿ ಬಾಗುತ್ತದೆ, ಕೆಲವೊಮ್ಮೆ ಮುರಿಯುತ್ತದೆ.

ಹಲ್ಲಿರುವ ಫೋರ್ಸೆಪ್ಸ್ ಚರ್ಮಕ್ಕೆ. ಹಲ್ಲು ಕಂಡರೆ ಒರಟು ಅನ್ನಿಸುತ್ತದೆ, ಆದರೆ ಅದು ಮೆಲ್ಲಗೆ ಒತ್ತಿದರೂ ಹಿಡಿತ ಕೊಡುತ್ತದೆ. ಹಲ್ಲಿಲ್ಲದ್ದರಲ್ಲಿ ಚರ್ಮ ಜಾರುವುದರಿಂದ ಬಿಗಿಯಾಗಿ ಒತ್ತಿ, ಅಂಚು ಜಜ್ಜಿಹೋಗುತ್ತದೆ. ಕರುಳು, ರಕ್ತನಾಳದಂಥ ಮೆತ್ತನೆಯ ಭಾಗಕ್ಕೆ ಮಾತ್ರ ಹಲ್ಲಿಲ್ಲದ್ದು. ದೊಡ್ಡ ಸೆಟ್‌ನಲ್ಲಿ ಆಲಿಸ್ ಮತ್ತು ಬ್ಯಾಬ್‌ಕಾಕ್ ಎಂಬ ಇಕ್ಕಳಗಳ ನಡುವೆಯೂ ಇದೇ ವ್ಯತ್ಯಾಸ. ಆಲಿಸ್‌ನ ತುದಿಯಲ್ಲಿ ಸಣ್ಣ ಹಲ್ಲುಗಳಿವೆ, ಗಟ್ಟಿ ಪೊರೆಗೆ ಸರಿ. ಬ್ಯಾಬ್‌ಕಾಕ್ ದುಂಡಗೆ, ನುಣ್ಣಗೆ ಇದೆ. ಅಪೆಂಡಿಕ್ಸ್, ಟ್ಯೂಬೆಕ್ಟಮಿಯಲ್ಲಿ (ಹೆಂಗಸರ ಸಂತಾನ ತಡೆಯ ಆಪರೇಷನ್) ಗರ್ಭನಾಳ ಎತ್ತಲು ಅದೇ ಬೇಕು.

ಕುರು ಸೀಳಲು ಮೊನೆಯಿರುವ 11ನೇ ಬ್ಲೇಡ್, ಸಣ್ಣ ನಾಜೂಕು ಕೆಲಸಕ್ಕೆ 15. ಬ್ಲೇಡನ್ನು ಆರ್ಟರಿಯಲ್ಲೋ ಹಳೆಯ ನೀಡಲ್ ಹೋಲ್ಡರಿನಲ್ಲೋ ಹಿಡಿದು ಹಾಕಿ, ಹಾಗೇ ತೆಗೆಯಿರಿ, ಬೆರಳಲ್ಲಿ ಬೇಡವೇ ಬೇಡ. ದಾರ ಕತ್ತರಿಸಲು ನೇರ ಮೇಯೊ ಕತ್ತರಿ. ಮೆಟ್ಜೆನ್‌ಬಾಮ್ ಕತ್ತರಿ ತೆಳು ಅಂಗಾಂಶಕ್ಕೆಂದೇ ಮಾಡಿದ್ದು. ಅದರಲ್ಲಿ ದಾರ ಕತ್ತರಿಸುತ್ತಾ ಹೋದರೆ ಅಂಚು ಮೊಂಡಾಗಿ ಅಂಗಾಂಶವನ್ನು ಕತ್ತರಿಸುವ ಬದಲು ಜಗಿಯುತ್ತದೆ.

ಪ್ಯಾಕ್ ಮಾಡುವ ಮುಂಚೆ ಪರೀಕ್ಷೆ. ಆರ್ಟರಿಯನ್ನು ಮೊದಲ ಹಲ್ಲಿಗೆ ಲಾಕ್ ಮಾಡಿ, ಕೀಲಿನಲ್ಲಿ ಹಿಡಿದು, ಲಾಕ್ ಹಲ್ಲಿನ ಜಾಗವನ್ನು ಮೆಲ್ಲಗೆ ಮೇಜಿಗೆ ತಟ್ಟುತ್ತೇನೆ. ಬಿಚ್ಚಿಕೊಂಡರೆ ರಿಪೇರಿಗೆ. ಮುಚ್ಚಿ ಬೆಳಕಿಗೆ ಹಿಡಿದಾಗ ತುದಿಯಲ್ಲಿ ಸಂದು ಕಂಡರೂ ಅಷ್ಟೇ. ಕತ್ತರಿ ತನ್ನ ತುದಿಯಿಂದಲೇ ಗಾಜ್ ಬಟ್ಟೆಯನ್ನು ಎಳೆಯದೆ ಕತ್ತರಿಸಬೇಕು.

ರಕ್ತ ಒಣಗಲು ಬಿಡಬಾರದು, ಹಾಗೆಂದು ಸಲೈನ್‌ನಲ್ಲಿ ನೆನೆಹಾಕಲೂ ಬಾರದು; ಉಪ್ಪು ಸ್ಟೀಲನ್ನು ತಿನ್ನುತ್ತದೆ. ಬ್ಲೀಚಿಂಗ್ ದ್ರಾವಣ ಇನ್ನೂ ಬೇಗ. ಕೀಲು ಬಿಚ್ಚಿ ಬ್ರಷ್‌ನಿಂದ ತೊಳೆದು, ಒರೆಸಿ, ಲಾಕ್ ಹಾಕದೆಯೇ, ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವ್‌ಗೆ ಇಡುತ್ತೇನೆ. ಮುಚ್ಚಿದ ಬಾಯೊಳಗೆ ಹಬೆ ಹೋಗುವುದಿಲ್ಲ. ನಮ್ಮ ಸಾಧಾರಣ ಆಟೋಕ್ಲೇವ್‌ನಲ್ಲಿ ಬಟ್ಟೆ ಸುತ್ತಿದ ಪ್ಯಾಕ್‌ಗೆ 121 ಡಿಗ್ರಿ, 15 ಪೌಂಡ್ ಒತ್ತಡ, 30 ನಿಮಿಷ. ಎಣಿಕೆ ಶುರುವಾಗುವುದು ಮುಳ್ಳು 121ಕ್ಕೆ ಬಂದ ಮೇಲೆ. ಪ್ಯಾಕಿಗೆ ಅಂಟಿಸುವ ಸೂಚಕ ಟೇಪಿನ ಗೆರೆ ಕಪ್ಪಾದರೆ ಶಾಖ ತಗುಲಿದೆ ಎಂದಷ್ಟೇ ಅರ್ಥ, ಒಳಗೆ ಸ್ಟೆರೈಲ್ (ಕ್ರಿಮಿಮುಕ್ತ) ಆಗಿದೆ ಎಂದಲ್ಲ.

ಮಲೆನಾಡಿನ ಮಳೆಗಾಲದಲ್ಲಿ ಬಿಸಿ ಪ್ಯಾಕನ್ನು ತಣ್ಣನೆಯ ಕಲ್ಲಿನ ಮೇಲಿಟ್ಟರೆ ತಳ ಬೆವರುತ್ತದೆ. ಒದ್ದೆ ಪ್ಯಾಕ್ ಎಂದರೆ ಮತ್ತೆ ಮೊದಲಿಂದ. ಕಡೂರು, ಅರಸೀಕೆರೆ ಕಡೆ ಬೋರ್‌ವೆಲ್ ನೀರು ಗಡುಸು. ಕೊನೆಯ ಜಾಲಾಟಕ್ಕೆ ಡಿಸ್ಟಿಲ್ಡ್ ನೀರು ಬಳಸದಿದ್ದರೆ ಬಿಳಿ ಚುಕ್ಕೆ ಕೂರುತ್ತದೆ. ಕಂದು ಕಲೆ ಬಿದ್ದರೆ ಪೆನ್ಸಿಲ್ ರಬ್ಬರಿನಿಂದ ಉಜ್ಜಿ ನೋಡಿ. ಹೋಗಿ ಕೆಳಗೆ ನುಣ್ಣಗಿದ್ದರೆ ಬರಿಯ ಕಲೆ. ಸಣ್ಣ ಕುಳಿ ಉಳಿದರೆ ತುಕ್ಕು. ಅದನ್ನು ಅಂದೇ ಸೆಟ್‌ನಿಂದ ತೆಗೆಯಿರಿ, ಪಕ್ಕದ ಉಪಕರಣಗಳಿಗೂ ಹತ್ತುತ್ತದೆ.