ಟೊಮೆಟೊ ಯಾವ ತಟ್ಟೆಗೆ? ಮಕ್ಕಳಿಗೆ ಹಣ್ಣು–ತರಕಾರಿ ವಿಂಗಡಣೆ ಕಲಿಸುವುದು ಹೀಗೆ

‘ಸಿಹಿ ಇದ್ದರೆ ಹಣ್ಣು, ಸಾರಿಗೆ ಹಾಕಿದರೆ ತರಕಾರಿ’ ಎಂದು ಹೇಳಿಕೊಟ್ಟ ಮಗು ಟೊಮೆಟೊ ಹಿಡಿದು ತಬ್ಬಿಬ್ಬಾಗುತ್ತದೆ. ತರಕಾರಿ ಅನ್ನುವುದು ಅಡುಗೆಮನೆಯ ಮಾತು. ಕಾಯಿ, ಬೇರು, ಕಾಂಡ, ಎಲೆ, ಹೂ ಅನ್ನುವುದು ಗಿಡದ ಲೆಕ್ಕ. ಎರಡನ್ನೂ ಒಂದೇ ದಿನ ಬೆರೆಸಬೇಡಿ.

ಆರೇಳು ವರ್ಷದವರಿಗೆ ಹತ್ತು ಬಗೆ ಸಾಕು: ಬಾಳೆಹಣ್ಣು, ಸೀಬೆ, ಟೊಮೆಟೊ, ಬೆಂಡೆ, ಸೌತೆ, ಕ್ಯಾರೆಟ್, ಆಲೂಗಡ್ಡೆ, ಪಾಲಕ್, ನವಿಲುಕೋಸು, ಹೂಕೋಸು. ಚಿತ್ರದ ಕಾರ್ಡು ಬೇಡ, ತೊಟ್ಟು, ವಾಸನೆ, ಒಳಗಿನ ಬೀಜ ಯಾವುದೂ ಅದರಲ್ಲಿ ಸಿಗುವುದಿಲ್ಲ. ಮೊದಲ ದಿನ ಎರಡು ತಟ್ಟೆ ಇಟ್ಟು ‘ಹಾಗೇ ತಿನ್ನುವುದು’, ‘ಬೇಯಿಸುವುದು’ ಎಂದು ಹಾಕಿಸಿ. ಸೌತೆ, ಕ್ಯಾರೆಟ್ ಎರಡೂ ತಟ್ಟೆಗೆ ಓಡಾಡುತ್ತವೆ. ತಿದ್ದಲು ಹೋಗಬೇಡಿ, ಮರುದಿನದ ಪಾಠ ಹುಟ್ಟುವುದೇ ಆ ಜಗಳದಲ್ಲಿ.

ಎರಡನೇ ದಿನ ದೊಡ್ಡವರು ಹೆಚ್ಚಿಕೊಡಬೇಕು, ಅಡ್ಡಡ್ಡಲಾಗಿ. ಬೆಂಡೆಯ ಬಿಲ್ಲೆಯಲ್ಲಿ ನಕ್ಷತ್ರದ ಹಾಗೆ ಐದು ಕೋಣೆ, ಲೋಳೆಯ ನಡುವೆ ದುಂಡನೆಯ ಬಿಳಿ ಬೀಜ. ಸೌತೆಯಲ್ಲಿ ಮೂರು ಪಾಲು. ಬೀಜ ಹೊತ್ತದ್ದು ಹೂವಿನಿಂದಾದ ಕಾಯಿ, ಮಾಗಿದರೆ ಹಣ್ಣು. ಟೊಮೆಟೊ ಈ ತಟ್ಟೆಗೇ. ಬದನೆಕಾಯಿ, ಹೀರೆಕಾಯಿ, ಹುರುಳಿಕಾಯಿ ಎಂದು ಕನ್ನಡದ ಹೆಸರಲ್ಲೇ ಉತ್ತರವಿದೆ. ಅದನ್ನು ಮಕ್ಕಳೇ ಕಂಡುಕೊಳ್ಳಲಿ, ಆ ಖುಷಿಯನ್ನು ಕಸಿಯಬೇಡಿ. ಬಾಳೆಹಣ್ಣಿನಲ್ಲಿ ಬೀಜವೆಲ್ಲಿ ಎಂದು ಕೇಳಿಯೇ ಕೇಳುತ್ತಾರೆ. ನಡುವಿನ ಕಪ್ಪು ಚುಕ್ಕಿ ತೋರಿಸಿ: ಬೀಜವಾಗದೆ ಉಳಿದದ್ದು ಅದು. ಹಸಿಮೆಣಸಿನಕಾಯಿ ಮಾತ್ರ ಮಕ್ಕಳ ಕೈಗೆ ಕೊಡಬೇಡಿ, ಕಣ್ಣುಜ್ಜಿಕೊಳ್ಳುತ್ತಾರೆ.

ಉಳಿದವು ಮೂರನೇ ದಿನಕ್ಕೆ. ಪಾಲಕ್ ಎಲೆ, ಹೂಕೋಸು ಹೂಗೊಂಚಲು, ಕ್ಯಾರೆಟ್ ಬೇರು. ನವಿಲುಕೋಸಿನ ಮೈಮೇಲೆ ಎಲೆ ಹೊರಟ ಗುರುತುಗಳಿವೆ, ಹಾಗಾಗಿ ಕಾಂಡ.

ಎಲ್ಲರೂ ಎಡವುವುದು ಆಲೂಗಡ್ಡೆಯಲ್ಲಿ. ಮಣ್ಣೊಳಗೆ ಬೆಳೆದದ್ದೆಲ್ಲ ಬೇರು ಎಂದು ಕಲಿಸಿದರೆ ತಪ್ಪಾಗುತ್ತದೆ. ಪಕ್ಕದಲ್ಲಿ ಒಂದು ಗೆಣಸು ಇಡಿ. ಆಲೂಗಡ್ಡೆಗೆ ಕಣ್ಣುಗಳಿವೆ, ಕಣ್ಣಿನ ಪಕ್ಕ ಹುಬ್ಬಿನಂಥ ಗೆರೆಯೂ ಇದೆ. ಕಣ್ಣೆಂದರೆ ಮೊಗ್ಗು, ಹುಬ್ಬೆಂದರೆ ಎಲೆಯ ಗುರುತು; ಮೊಗ್ಗು, ಎಲೆ ಎರಡೂ ಹೀಗೆ ಸಾಲಾಗಿ ಬರುವುದು ಕಾಂಡದ ಮೇಲೆ. ಗೆಣಸಿನ ಮೈಮೇಲೆ ಅಂಥ ಕಣ್ಣಿಲ್ಲ, ಕೂದಲಿನಂಥ ಬೇರಿನೆಳೆಗಳಿವೆ. ನಂಬದ ಮಗುವಿಗೆ ಒಂದು ಆಲೂಗಡ್ಡೆಯನ್ನು ಬೆಳಕು ಬೀಳುವ ಕಿಟಕಿಯಲ್ಲಿ ಇಟ್ಟುಕೊಡಿ, ಕೆಲವು ವಾರಗಳಲ್ಲಿ ಕಣ್ಣಿನಿಂದಲೇ ಮೊಳಕೆ ಬರುತ್ತದೆ. ಬೆಳಕಿಗೆ ಹಸಿರಾದ ಆ ಆಲೂಗಡ್ಡೆಯನ್ನು ಅಡುಗೆಗೆ ಬಳಸಬೇಡಿ, ಅದರಲ್ಲಿ ವಿಷದ ಅಂಶ ಹೆಚ್ಚಿರುತ್ತದೆ. ಕುಂಡದಲ್ಲಿ ಹೂಳಿ.